ಎಲ್ಲರ ಸುದ್ದಿ ಬರೆದವರು ಮನೆಯ ಸುದ್ದಿ ಬರೆಯಬಹುದೇ?

ಪ್ರಶ್ನೆ: ಮೇಡಂ, ನಾನು ಬಂಗಾರಪೇಟೆಯಲ್ಲಿ ನೆಲೆಸಿರುವ ನಿವೃತ್ತ ಪತ್ರಕರ್ತ. ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಚಾಂಪಿಯನ್ ರೀಫ್‌ನ ಲೈನ್ ಮನೆಯಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸಗಾರ. ಮನೆಮಾತು ತಮಿಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಅನ್ನ ಕೊಟ್ಟದ್ದು ಇಂಗ್ಲಿಷ್. ಕೊಲ್ಲಿ ದೇಶಗಳ ಇಂಗ್ಲಿಷ್ ಪತ್ರಿಕೆಗಳಲ್ಲಿ ವರದಿಗಾರನಾಗಿ ಬಹುಕಾಲ ದುಡಿದೆ. 1990ರಲ್ಲಿ ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಅಮ್ಮಾನ್‌ನಿಂದ ವರದಿ ಕಳಿಸಿದವರಲ್ಲಿ ನಾನೂ ಒಬ್ಬ.

ಊರಿಗೆ ಬಂದ ಮೇಲೆ ಆತ್ಮಕಥೆ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ನಾನೂರು ಪುಟ ಆಗಿದೆ. ಮಗಳು ಓದಿ, ‘ಅಪ್ಪ, ಇದರಲ್ಲಿ ಎಲ್ಲರೂ ಇದ್ದಾರೆ, ನೀನೊಬ್ಬನೇ ಇಲ್ಲ’ ಅಂದಳು. ಮಾತು ಚುಚ್ಚಿತು. ಬಾಲ್ಯದಿಂದ ಬರೆಯೋಣವೆಂದರೆ ಅಪ್ಪನ ವಿಷಯ ಬಂದೇ ಬರುತ್ತದೆ. ಅಪ್ಪ ಕುಡಿಯುತ್ತಿದ್ದರು, ಅಮ್ಮನ ಮೇಲೆ ಕೈ ಮಾಡುತ್ತಿದ್ದರು. ಎದೆಯಲ್ಲಿ ಕಲ್ಲಿನ ಧೂಳು ಕೂತು, ಉಸಿರಿಗೆ ಒದ್ದಾಡಿ 1994ರಲ್ಲಿ ತೀರಿಕೊಂಡರು. ನಾನು ದುಬೈಯಲ್ಲಿದ್ದೆ. ಮಣ್ಣಿಗೂ ಬರಲಾಗಲಿಲ್ಲ. ಪುಸ್ತಕದಲ್ಲಿ ಈ ಸಂಗತಿ ಒಂದೇ ಒಂದು ಸಾಲಿನಲ್ಲಿದೆ. ‘ಸತ್ತವರ ಮಾನ ಕಳೆಯಬೇಡ’ ಎಂದು ತಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅಮ್ಮ ಇದ್ದಾರೆ, ಏನೂ ಹೇಳುವುದಿಲ್ಲ. ಬರೆಯಲೇ, ಬಿಡಲೇ? ಬರೆದರೆ ಯಾವ ಭಾಷೆಯಲ್ಲಿ?

— ಹೆಸರು ಬೇಡ, ಬಂಗಾರಪೇಟೆ

ಉತ್ತರ: ಬರೆಯಿರಿ. ಆದರೆ ಆ ನಾನೂರು ಪುಟಗಳನ್ನು ತಿದ್ದುತ್ತಾ ಕೂರಬೇಡಿ. ಅವನ್ನು ಸದ್ಯಕ್ಕೆ ಎತ್ತಿಟ್ಟು, ಅಪ್ಪನ ಸಾವಿನ ಆ ಒಂದು ಸಾಲಿನಿಂದ ಹೊಸದಾಗಿ ಶುರು ಮಾಡಿ. ನಿಮ್ಮ ಪುಸ್ತಕ ಇರುವುದು ಅಲ್ಲಿ.

ಮಗಳ ಮಾತಿಗೆ ನೊಂದುಕೊಳ್ಳಬೇಡಿ. ‘ನಾನು’ ಎಂಬುದನ್ನು ಬದಿಗಿಟ್ಟು ಬರೆ ಎನ್ನುವುದು ವರದಿಗಾರನಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಅದನ್ನು ನೀವು ನಿಷ್ಠೆಯಿಂದ ಪಾಲಿಸಿದ್ದೀರಿ. ಕುವೈತಿನಿಂದ ಪಾರಾಗಿ ಬಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ಅಮ್ಮಾನ್‌ನಿಂದ ಕರೆತಂದ ಸುದ್ದಿಯನ್ನು ಚೆನ್ನಾಗಿಯೇ ಬರೆದಿರುತ್ತೀರಿ. ಆದರೆ ಆ ಸಂಖ್ಯೆ ಇವತ್ತು ಯಾರಿಗೆ ಬೇಕಾದರೂ ಸಿಗುತ್ತದೆ. ಮರಳುಗಾಡು ದಾಟಿ ಬಂದು ಗಂಟುಮೂಟೆಯ ಮೇಲೆ ಕುಸಿದು ಕೂತ ಕೂಲಿಯಾಳುಗಳ ನಡುವೆ, ಗಣಿ ಕಾರ್ಮಿಕನ ಮಗನಾದ ನಿಮಗೆ ಏನನ್ನಿಸಿತು? ವರದಿ ಕಳಿಸಿದ ರಾತ್ರಿ ನಿದ್ದೆ ಬಂತೇ? ಇದನ್ನು ನೀವಲ್ಲದೆ ಇನ್ಯಾರೂ ಹೇಳಲಾರರು. ಮಗಳು ಕೇಳುತ್ತಿರುವುದೂ ಇದನ್ನೇ.

ನಿಮ್ಮ ಕಸುಬಿನವರೇ ಈ ದಾರಿಯಲ್ಲಿ ನಡೆದಿದ್ದಾರೆ. ಉಡುಪಿಯ ಎಂ.ವಿ. ಕಾಮತ್ (1921-2014) ರಸಾಯನಶಾಸ್ತ್ರ ಓದಿ, ಕೆಮಿಸ್ಟ್ ಆಗಿ ಕೆಲಸ ಮಾಡಿ, 1946ರಲ್ಲಿ ಮುಂಬೈಯ ಫ್ರೀ ಪ್ರೆಸ್ ಜರ್ನಲ್ ಸೇರಿದವರು. ನ್ಯೂಯಾರ್ಕಿನ ವಿಶ್ವಸಂಸ್ಥೆಯಿಂದ ಪಿಟಿಐಗೆ, ಮುಂದೆ ಯುರೋಪಿನಿಂದ ಮತ್ತು ವಾಷಿಂಗ್ಟನ್‌ನಿಂದ ಟೈಮ್ಸ್ ಆಫ್ ಇಂಡಿಯಾಕ್ಕೆ ವರದಿ ಕಳಿಸಿದರು. ಇಲಸ್ಟ್ರೇಟೆಡ್ ವೀಕ್ಲಿಯ ಸಂಪಾದಕರಾದರು. ವರ್ಗೀಸ್ ಕುರಿಯನ್ ಅವರ ಜೀವನ, ಕೆನರಾ ಬ್ಯಾಂಕಿನ ಚರಿತ್ರೆ ಎಂದು ಊರವರ ಕಥೆಯನ್ನೆಲ್ಲ ಬರೆದವರು, ತಮ್ಮದೇ ಕಥೆ ‘ಎ ರಿಪೋರ್ಟರ್ ಅಟ್ ಲಾರ್ಜ್’ ಪ್ರಕಟಿಸುವ ಹೊತ್ತಿಗೆ ಎಂಬತ್ತರ ಅಂಚಿನಲ್ಲಿದ್ದರು. ಸಂಪಾದಕರಾಗಿದ್ದವರು ತಮ್ಮ ಬದುಕಿಗೆ ಕೊಟ್ಟುಕೊಂಡ ಹೆಸರು ವರದಿಗಾರ ಎಂದೇ. ಅದು ನಿಮಗೆ ಧೈರ್ಯ ಕೊಡಬೇಕು. ಆತ್ಮಕಥೆಗಾಗಿ ವರದಿಗಾರನ ಕಸುಬನ್ನು ಬಿಡಬೇಕಾಗಿಲ್ಲ. ಅದೇ ಕಸುಬನ್ನು ನಿಮ್ಮ ಮನೆಯ ಕಡೆ ತಿರುಗಿಸಬೇಕು, ಅಷ್ಟೆ.

ಕೆಜಿಎಫ್ ಬಗ್ಗೆ ಜಗತ್ತಿಗೆ ಗೊತ್ತಿರುವ ಸಂಗತಿಗಳು ಬೇಕಾದಷ್ಟಿವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟದ್ದು, ಚಾಂಪಿಯನ್ ರೀಫ್ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದದ್ದು, 1965ರಲ್ಲಿ ಇದೇ ಗಣಿಗಳ ಒಡಲಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಗುರುತಿಸಿದ್ದು, 2001ರ ಫೆಬ್ರವರಿ 28ರಂದು ಗಣಿ ಕಂಪನಿ ಬಿಜಿಎಂಎಲ್ ಬಾಗಿಲು ಹಾಕಿದ್ದು. ಇವೆಲ್ಲ ಪುಸ್ತಕಗಳಲ್ಲಿವೆ. ಶಿಫ್ಟ್ ಮುಗಿಸಿ ಬಂದವನು ಲೈನ್ ಮನೆಯ ಆ ಇಕ್ಕಟ್ಟಿನಲ್ಲಿ ಎಲ್ಲಿ ಕೂರುತ್ತಿದ್ದ, ಅವನ ನಡಿಗೆ ನೋಡಿಯೇ ಹೆಂಡತಿ ಆ ಸಂಜೆ ಹೇಗಿರುತ್ತದೆಂದು ಹೇಗೆ ಅಂದಾಜು ಮಾಡುತ್ತಿದ್ದಳು, ಸಂಬಳದ ದಿನ ಸಾಲ ಕೊಟ್ಟವನು ಯಾವ ತಿರುವಿನಲ್ಲಿ ಕಾಯುತ್ತಿದ್ದ, ಇದು ಯಾವ ಕಂಪನಿಯ ಕಡತದಲ್ಲೂ ಇಲ್ಲ.

ಗಣಿಯ ಆ ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಪ್ರಾಣ ಹೋಗುವ ಭಯ ಬೇರೆ. ಕಲ್ಲು ಕೊರೆಯುವಾಗ ಎದ್ದ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಆದರೆ ಅದನ್ನು ವಾಸಿ ಮಾಡುವ ಮದ್ದು ಇವತ್ತಿಗೂ ಇಲ್ಲ. ಇದ್ಯಾವುದೂ ಅಮ್ಮನ ಮೇಲೆ ಎತ್ತಿದ ಕೈಗೆ ಸಮಜಾಯಿಷಿ ಅಲ್ಲ. ಆದರೆ ಗಣಿಯನ್ನು ಬಿಟ್ಟು ಕುಡಿತವನ್ನಷ್ಟೇ ಬರೆದರೆ ಅಪ್ಪನಿಗೆ ಅನ್ಯಾಯ. ಕುಡಿತವನ್ನು ಮುಚ್ಚಿಟ್ಟು ಗಣಿಯನ್ನಷ್ಟೇ ಬರೆದರೆ ಅಮ್ಮನಿಗೆ ಅನ್ಯಾಯ. ಎರಡನ್ನೂ ಒಟ್ಟಿಗೆ ಹಿಡಿದು ಬರೆದರೆ ಯಾರ ಮಾನವೂ ಹೋಗುವುದಿಲ್ಲ.

ಹಾಗಾಗಿ ಮೊದಲು ಕೇಳಬೇಕಾದದ್ದು ಅಮ್ಮನನ್ನು. ಏಟು ತಿಂದವರು ಅವರು. ಆ ಕಥೆ ಹೇಳುವ, ಹೇಳದಿರುವ ಹಕ್ಕು ಮೊದಲು ಅವರದು, ಆಮೇಲೆ ನಿಮ್ಮದು. ಅವರು ಸುಮ್ಮನಿರುವುದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಹತ್ತಿರ ಕೂತು, ಅವರ ತಮಿಳಿನಲ್ಲೇ, ನೀವು ಬರೆಯಬೇಕೆಂದಿರುವುದನ್ನು ಹೇಳಿ. ಬೇಡ ಎಂದರೆ ಎರಡು ಮಾತಿಲ್ಲದೆ ಆ ಭಾಗ ಬಿಡಿ. ಹೇಳಲು ಅವರಿಗೇ ಇನ್ನಷ್ಟು ಇದ್ದರೆ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ಇನ್ನು ತಮ್ಮ. ತಕರಾರು ಎದ್ದಲ್ಲಿ ಎರಡೂ ಕಡೆಯವರನ್ನು ಕೇಳಿಯೇ ಬರೆಯುತ್ತಿದ್ದಿರಲ್ಲ, ಇಲ್ಲಿಯೂ ಹಾಗೆಯೇ ಮಾಡಿ. ಸತ್ತುಹೋದವರು ಅವನಿಗೂ ಅಪ್ಪ. ಕಡೆಯ ದಿನಗಳಲ್ಲಿ ಆಸ್ಪತ್ರೆಗೂ ಮನೆಗೂ ಓಡಾಡಿದವನು, ಮಣ್ಣು ಮಾಡಿದವನು ಬಹುಶಃ ಅವನೇ. ಅವನ ಸಿಟ್ಟಿನಲ್ಲಿ ಮಾನದ ಮಾತಿನ ಜೊತೆಗೆ, ‘ನೀನು ಇಲ್ಲಿರಲಿಲ್ಲ, ನಿನಗೇನು ಗೊತ್ತು’ ಎಂಬ ನೋವೂ ಇರಬಹುದು. ಆ ನೋವಿಗೆ ಜಾಗ ಕೊಡಿ. ‘ನನಗೆ ಗೊತ್ತಿಲ್ಲ, ನೀನು ಹೇಳು’ ಎಂದು ಅವನ ಮನೆಗೆ ನೀವೇ ಹೋಗಿ. ಅಪ್ಪ ಒಳ್ಳೆಯವರು ಎಂದು ಅವನು ಹೇಳುವುದನ್ನೂ ಪುಸ್ತಕದಲ್ಲಿ ಹಾಕಿ, ಅದು ನಿಮ್ಮ ನೆನಪಿಗೆ ಒಪ್ಪದಿದ್ದರೂ.

‘ನಾನು, ನಾನು’ ಎಂದು ಬರೆಯಲು ಸಂಕೋಚವಾದರೆ ನಿಮ್ಮ ಜಿಲ್ಲೆಯವರೇ ಆದ ಡಿ.ವಿ.ಜಿ. ಅವರನ್ನು ಓದಿ. ಮುಳಬಾಗಿಲಿನಲ್ಲಿ ಹುಟ್ಟಿ, ಮೆಟ್ರಿಕ್ ಪಾಸಾಗದೆ, ಇದೇ ಕೆಜಿಎಫ್‌ನ ಸೋಡಾ ಕಾರ್ಖಾನೆಯಲ್ಲಿ ಕೆಲಕಾಲ ಇದ್ದು, ಬೆಂಗಳೂರಿಗೆ ಹೋಗಿ ಪತ್ರಕರ್ತರಾದವರು ಅವರು. ಅವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟಗಳಲ್ಲಿದೆ. ಅದರ ತುಂಬ ಬೇರೆಯವರೇ: ದಿವಾನರು, ವೈದಿಕರು, ಸಂಗೀತಗಾರರು, ಹೆಸರು ಮಾಡದ ಸಾಮಾನ್ಯರು. ಆದರೂ ಓದಿ ಮುಗಿಸಿದಾಗ ಡಿ.ವಿ.ಜಿ. ಎಂಥ ಮನುಷ್ಯ ಎಂಬುದು ನಮಗೆ ಗೊತ್ತಾಗುತ್ತದೆ. ಯಾರನ್ನು ನೆನೆದರು, ಯಾರ ಋಣ ಒಪ್ಪಿಕೊಂಡರು, ಯಾವುದಕ್ಕೆ ಮನಸ್ಸು ಕರಗಿತು ಎಂಬುದರಲ್ಲಿ ಅವರಿದ್ದಾರೆ. ನಿಮ್ಮ ಪುಸ್ತಕದಲ್ಲೂ ಅಪ್ಪನನ್ನು, ಅಮ್ಮನನ್ನು ಸರಿಯಾಗಿ ಬರೆದರೆ ನೀವು ತಾನಾಗಿ ಬರುತ್ತೀರಿ.

ಭಾಷೆಯ ಮಾತು. ಹಾಂಗ್‌ಕಾಂಗ್‌ನಲ್ಲಿ ಏಷ್ಯಾವೀಕ್ ಕಟ್ಟಿದ, ಮುಂದೆ ಬೆಂಗಳೂರಿನಲ್ಲೇ ನೆಲೆಸಿದ ಟಿ.ಜೆ.ಎಸ್. ಜಾರ್ಜ್ ಜೀವಮಾನವಿಡೀ ಇಂಗ್ಲಿಷಿನಲ್ಲಿ ದುಡಿದವರು. ಕೃಷ್ಣ ಮೆನನ್, ನರ್ಗಿಸ್, ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಬಗ್ಗೆ ಇಂಗ್ಲಿಷಿನಲ್ಲೇ ಪುಸ್ತಕ ಬರೆದರು. ತಮ್ಮ ನೆನಪುಗಳ ‘ಘೋಷಯಾತ್ರ’ವನ್ನು ಮಾತ್ರ ಮಲಯಾಳಂನಲ್ಲಿ ಬರೆದರು. ನೀವು ಅಮ್ಮಾನ್, ದುಬೈ ಭಾಗಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡರೂ, ಲೈನ್ ಮನೆಯ ಭಾಗವನ್ನು ಒಮ್ಮೆ ಕನ್ನಡದಲ್ಲೋ ತಮಿಳಿನಲ್ಲೋ ಬರೆದು ನೋಡಿ. ಕನ್ನಡವಾದರೆ ಅಪ್ಪ ಅಮ್ಮ ಆಡಿದ ಮಾತುಗಳನ್ನು ತಮಿಳಿನಲ್ಲೇ ಬಿಡಿ. ಕೋಲಾರದ ಓದುಗರಿಗೆ ಅದು ಅರ್ಥವಾಗುತ್ತದೆ.

ಕೆಲಸ ಹೀಗೆ ಶುರು ಮಾಡಿ. ಅಪ್ಪನ ಸರ್ವಿಸ್ ಪುಸ್ತಕ, ಪಿಎಫ್ ಚೀಟಿ, ಆಸ್ಪತ್ರೆಯ ಕಾರ್ಡು ಮನೆಯಲ್ಲಿ ಉಳಿದಿದ್ದರೆ ಹುಡುಕಿ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್‌ನಲ್ಲಿ ಇಳಿದು, ಅಪ್ಪನ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದಾರೆಯೇ ವಿಚಾರಿಸಿ. ಗಣಿ ಮುಚ್ಚಿ ಇಪ್ಪತ್ತು ವರ್ಷಗಳ ಮೇಲಾಯಿತು. ಕೆಳಗಿಳಿದು ದುಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಪ್ಪನ ಅಧ್ಯಾಯ ಮುಗಿದಾಗ ಮೊದಲ ಪ್ರತಿ ತಮ್ಮನಿಗೆ, ಎರಡನೆಯದು ಮಗಳಿಗೆ. ಪ್ರಕಾಶಕರ ಯೋಚನೆ ಆಮೇಲೆ.

ಅಮ್ಮನ ವಯಸ್ಸು ನೀವು ಬರೆದಿಲ್ಲ, ನಾನು ಊಹಿಸಬಲ್ಲೆ. ದಯವಿಟ್ಟು ಈ ವಾರವೇ ಅವರ ಹತ್ತಿರ ಕೂತು ಮಾತು ಶುರು ಮಾಡಿ.