ದೆಹಲಿಯಿಂದ ಟೋಕಿಯೋಗೆ: ದೂರ ಒಂದು, ಕಾಲ ಎರಡು

ದೆಹಲಿ ಮತ್ತು ಟೋಕಿಯೋ ನಗರಗಳ ನಡುವಣ ವಿಮಾನಗಳ ವೇಳಾಪಟ್ಟಿಯನ್ನು ನೋಡಿದವರಿಗೆ ಒಂದು ಸಂದೇಹ ಬರುವುದು ಸಹಜ. ಎರಡು ಊರುಗಳ ಗಡಿಯಾರಗಳಿಗಿರುವ ಮೂರೂವರೆ ಗಂಟೆಗಳ ವ್ಯತ್ಯಾಸವನ್ನು ಸರಿಪಡಿಸಿಕೊಂಡರೂ, ಹೋಗುವುದಕ್ಕೆ ಏಳೂವರೆಯಿಂದ ಎಂಟು ಗಂಟೆ, ಹಿಂತಿರುಗುವುದಕ್ಕೆ ಒಂಬತ್ತು ಗಂಟೆಗೂ ಹೆಚ್ಚು. ಹೀಗೇಕೆ?

ಮೊದಲು ದೂರವನ್ನು ಅಳೆಯೋಣ. ಭೂಪಟದ ಮೇಲೆ ಅಡಿಪಟ್ಟಿಯಿಟ್ಟು ಎಳೆದ ಗೆರೆ ಹತ್ತಿರದ ದಾರಿಯಲ್ಲ. ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಮಹಾವೃತ್ತವೊಂದರ ಕಂಸವಾಗಿ ನಿಲ್ಲುತ್ತದೆ. ಅದೇ ಅತಿ ಹ್ರಸ್ವವಾದ ಮಾರ್ಗ. ದೆಹಲಿ ಇರುವುದು 28.6° ಉತ್ತರ ಅಕ್ಷಾಂಶ, 77.2° ಪೂರ್ವ ರೇಖಾಂಶದಲ್ಲಿ, ಟೋಕಿಯೋ 35.7° ಉತ್ತರ, 139.7° ಪೂರ್ವದಲ್ಲಿ. ಗೋಳೀಯ ತ್ರಿಕೋನಮಿತಿಯಿಂದ ಗಣಿಸಿದರೆ ಈ ಕಂಸವು ಭೂಕೇಂದ್ರದಲ್ಲಿ ಸುಮಾರು 52.5° ಕೋನವನ್ನುಂಟುಮಾಡುತ್ತದೆ. ಡಿಗ್ರಿಯೊಂದಕ್ಕೆ 111.2 ಕಿ.ಮೀ.ನಂತೆ ದೂರ ಸುಮಾರು 5,840 ಕಿ.ಮೀ. ಆದರೆ ಈ ಕಂಸ ಟಿಬೆಟ್ ಪ್ರಸ್ಥಭೂಮಿಯನ್ನು ಹಾಯುತ್ತದೆ. ವಿಮಾನದೊಳಗಿನ ವಾಯುವಿನ ಒತ್ತಡ ಕುಸಿದರೆ ಚಾಲಕನು ಕೂಡಲೇ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಯಬೇಕು; ಅಲ್ಲಿಯ ನೆಲವೇ ಅದಕ್ಕಿಂತ ಎತ್ತರ! ಆದುದರಿಂದ ವಿಮಾನಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಬಳಸಿ ಹೋಗುತ್ತವೆ.

ಇನ್ನು ಕಾಲದ ಮಾತು. ಭೂಮಿ ಪೂರ್ವಕ್ಕೆ ತಿರುಗುತ್ತಿರುವುದರಿಂದ ಟೋಕಿಯೋ ದೂರ ಸರಿಯುತ್ತದೆ, ಪೂರ್ವಕ್ಕೆ ಹೋಗುವ ಪ್ರಯಾಣವೇ ದೀರ್ಘವಾಗಬೇಕು ಎಂದು ಕೆಲವು ವಿದ್ಯಾರ್ಥಿಗಳು ವಾದಿಸುವುದುಂಟು. ವಾಯುಮಂಡಲವೂ ಭೂಮಿಯೊಡನೆಯೇ ತಿರುಗುತ್ತದೆಂಬುದನ್ನು ಅವರು ಮರೆತಿರುತ್ತಾರೆ. ನಿಜವಾದ ಕಾರಣ ಗಾಳಿ. ಉಷ್ಣವಲಯದ ಬಿಸಿಗೂ ಉತ್ತರದ ಶೀತಕ್ಕೂ ಇರುವ ಅಂತರ, ಅದರೊಡನೆ ಭೂಭ್ರಮಣ—ಇವೆರಡೂ ಸೇರಿ ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊನಲನ್ನು ಉಂಟುಮಾಡುತ್ತವೆ. ಇದಕ್ಕೆ ಜೆಟ್ ಪ್ರವಾಹವೆಂದು ಹೆಸರು. ಸೈಬೀರಿಯದ ಚಳಿಯೂ ಶಾಂತಸಾಗರದ ಬಿಸುಪೂ ಸಂಧಿಸುವ ಜಪಾನಿನ ಮೇಲೆ ಚಳಿಗಾಲದಲ್ಲಿ ಅದರ ರಭಸ ಅಪಾರ.

ಲೆಕ್ಕದ ಸುಲಭಕ್ಕಾಗಿ ದಾರಿ 6,000 ಕಿ.ಮೀ., ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ., ದಾರಿಯುದ್ದಕ್ಕೂ ಗಾಳಿಯ ಸರಾಸರಿ ವೇಗ 100 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗುವಾಗ ನೆಲದ ಮೇಲಿನ ವೇಗ 1,000, ಕಾಲ 6 ಗಂಟೆ; ಬರುವಾಗ ವೇಗ 800, ಕಾಲ ಏಳೂವರೆ ಗಂಟೆ. ಏರುವ, ಇಳಿಯುವ, ನಿಲ್ದಾಣದಲ್ಲಿ ಸಾಗುವ ವೇಳೆ ಬೇರೆ. ಇಲ್ಲಿ ಒಂದು ಸ್ವಾರಸ್ಯವುಂಟು. ಗಾಳಿಯೇ ಇಲ್ಲದಿದ್ದರೆ ಹೋಗಿಬರುವುದಕ್ಕೆ 13 ಗಂಟೆ 20 ನಿಮಿಷ ಸಾಕಾಗುತ್ತಿತ್ತು. ಈಗ 13 ಗಂಟೆ 30 ನಿಮಿಷ. ಹೋಗುವಾಗಿನ ಲಾಭವು ಬರುವಾಗಿನ ನಷ್ಟವನ್ನು ತುಂಬಲಿಲ್ಲ! ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರಬೇಕಾಗುವುದೇ ಇದಕ್ಕೆ ಕಾರಣ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ವಾಸಬುರೊ ಓಯಿಶಿ. ಟೋಕಿಯೋದ ಈಶಾನ್ಯಕ್ಕಿರುವ ಟಟೇನೊ ವೀಕ್ಷಣಾಲಯದಿಂದ ಅವರು ಬೆಲೂನುಗಳನ್ನು ಹಾರಿಬಿಟ್ಟು, ಚಳಿಗಾಲದಲ್ಲಿ ಗಾಳಿಯ ವೇಗ ಸೆಕೆಂಡಿಗೆ 70 ಮೀಟರುಗಳಷ್ಟಿರಬಹುದೆಂದು ಕಂಡುಕೊಂಡರು. ಜಗತ್ತೆಲ್ಲ ಓದಲೆಂದು 1926ರಲ್ಲಿ ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ತೀರ ವಿರಳ. 1944ರ ನವೆಂಬರಿನಲ್ಲಿ ಅಮೆರಿಕದ ಬಿ-29 ಬಾಂಬರುಗಳು ಟೋಕಿಯೋದ ಮೇಲೆ ಇದೇ ಗಾಳಿಗೆ ಸಿಕ್ಕಿದವು. ಬಾಂಬುಗಳು ಗುರಿ ತಪ್ಪಿ ಬಿದ್ದವು.

ಬೇಸಿಗೆ ಬಂದಂತೆ ಪ್ರವಾಹ ಉತ್ತರಕ್ಕೆ ಸರಿದು ಸೊರಗುತ್ತದೆ. ಆಗ ಹೋಗುವ ಮತ್ತು ಬರುವ ಕಾಲಗಳ ಅಂತರವೂ ತಗ್ಗುತ್ತದೆ.