ಎರಡು ಉಲ್ಕೆಗಳು: ಮೋಟಾರು ಸೈಕಲ್ಲಿನ ಆಯ್ಕೆಯಲ್ಲಿ ಭೌತಶಾಸ್ತ್ರ

ಶಿವಮೊಗ್ಗದಲ್ಲಿ ಹೊಸದಾಗಿ ಉದ್ಯೋಗಕ್ಕೆ ಸೇರಿದ ತರುಣನೊಬ್ಬನಿದ್ದಾನೆಂದು ಭಾವಿಸೋಣ. ವಾರಕ್ಕೊಮ್ಮೆ ಆತ ತೀರ್ಥಹಳ್ಳಿಯ ಬಳಿಯಿರುವ ತನ್ನ ಊರಿಗೆ ಹೋಗಿಬರಬೇಕು. ವರ್ಷದಲ್ಲಿ ಒಂದೆರಡು ಸಲ ಆಗುಂಬೆಯ ಘಟ್ಟವನ್ನಿಳಿದು ಉಡುಪಿಗೆ ಹೋಗುವುದುಂಟು. ಎಂದಾದರೊಮ್ಮೆ ಚಿತ್ರದುರ್ಗ, ದಾವಣಗೆರೆಗಳ ಹೆದ್ದಾರಿಯಲ್ಲಿ ಹುಬ್ಬಳ್ಳಿಯವರೆಗೆ ಪ್ರಯಾಣ. ಆತನಿಗೆ ಕ್ರೂಸರ್ ಮಾದರಿಯ ಮೋಟಾರು ಸೈಕಲ್ಲಿನ ಮೇಲೆ ಆಸೆ. ತಗ್ಗಾದ ಆಸನ, ಎತ್ತರದ ಹಿಡಿ, ಮುಂದಕ್ಕೆ ಚಾಚಿದ ಕಾಲು, ಉದ್ದನೆಯ ಗಾಡಿ: ಇವು ಆ ಮಾದರಿಯ ಲಕ್ಷಣಗಳು. ಅಮೆರಿಕದ ನೇರವಾದ ದೀರ್ಘ ರಸ್ತೆಗಳಲ್ಲಿ ದಿನವಿಡೀ ಕುಳಿತು ಸಾಗಲೆಂದು ಹಾರ್ಲೆ-ಡೇವಿಡ್‌ಸನ್, ಇಂಡಿಯನ್ ಮೊದಲಾದ ಕಂಪನಿಗಳ ಗಾಡಿಗಳಲ್ಲಿ ರೂಪುಗೊಂಡ ವಿನ್ಯಾಸವಿದು. ಅದು ನಮ್ಮ ರಸ್ತೆಗಳಿಗೆ ಎಷ್ಟು ಒಗ್ಗುತ್ತದೆಂಬುದನ್ನು ಮುಂದೆ ನೋಡೋಣ.

ತರುಣನ ಮುಂದಿರುವ ಗಾಡಿಗಳು ಎರಡು. ಎರಡೂ ರಾಯಲ್ ಎನ್‌ಫೀಲ್ಡ್ ಕಂಪನಿಯವು. 2020ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮೀಟಿಯೋರ್ 350 ಒಂದು. 2023ರ ಜನವರಿಯಲ್ಲಿ ಬಂದ ಸೂಪರ್ ಮೀಟಿಯೋರ್ 650 ಇನ್ನೊಂದು. ಮೀಟಿಯೋರ್ ಎಂದರೆ ಉಲ್ಕೆ. ಈ ಹೆಸರುಗಳು ಹೊಸವಲ್ಲ. 1950ರ ದಶಕದಲ್ಲಿಯೇ ಇಂಗ್ಲೆಂಡಿನ ರೆಡಿಚ್ ಪಟ್ಟಣದಲ್ಲಿ ಇದೇ ಕಂಪನಿ ಇವೇ ಹೆಸರಿನ ಜೋಡಿ ಸಿಲಿಂಡರಿನ ಗಾಡಿಗಳನ್ನು ತಯಾರಿಸುತ್ತಿತ್ತು. ಮೊದಲನೆಯದು ಬಂದಾಗ ಅದರ ಬೆಲೆ ಸುಮಾರು ಒಂದೂ ಮುಕ್ಕಾಲು ಲಕ್ಷ ರೂಪಾಯಿ. ಎರಡನೆಯದರದು ಸುಮಾರು ಮೂರೂವರೆ ಲಕ್ಷ. ದುಪ್ಪಟ್ಟು ಹಣ ಕೊಟ್ಟರೆ ದೊರಕುವುದೇನು, ಅದು ಈ ತರುಣನಿಗೆ ಬೇಕೆ, ಎಂಬುದೇ ನಮ್ಮ ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಮೊದಲು ಎಂಜಿನುಗಳನ್ನು ಪರೀಕ್ಷಿಸೋಣ. 350ರಲ್ಲಿ ಒಂದೇ ಸಿಲಿಂಡರು. ಅದರ ಒಳವ್ಯಾಸ 72 ಮಿಲಿಮೀಟರು, ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 85.8 ಮಿಲಿಮೀಟರು. ವೃತ್ತದ ಕ್ಷೇತ್ರಫಲವನ್ನು ಈ ದೂರದಿಂದ ಗುಣಿಸಿದರೆ 349 ಘನ ಸೆಂಟಿಮೀಟರು ಬರುತ್ತದೆ; ಅದೇ ಎಂಜಿನಿನ ಗಾತ್ರ. 650ರಲ್ಲಿ ಎರಡು ಸಿಲಿಂಡರುಗಳು; ಒಂದೊಂದರ ವ್ಯಾಸ 78, ಪಿಸ್ಟನಿನ ಓಟ 67.8 ಮಿಲಿಮೀಟರು. ಮೊದಲನೆಯದು ನೀಳವಾದ ಲೋಟದಂತೆ, ಎರಡನೆಯವು ಅಗಲವಾದ ಬಟ್ಟಲುಗಳಂತೆ. ಈ ವ್ಯತ್ಯಾಸ ಕೇವಲ ಆಕಾರದ್ದಲ್ಲ. ಪಿಸ್ಟನ್ ಪ್ರತಿ ಸುತ್ತಿನಲ್ಲಿಯೂ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಓಡಬೇಕಷ್ಟೆ. 350ರ ಗರಿಷ್ಠ ಸಾಮರ್ಥ್ಯ ನಿಮಿಷಕ್ಕೆ 6,100 ಸುತ್ತುಗಳಲ್ಲಿ ದೊರಕುತ್ತದೆ. ಆಗ ಪಿಸ್ಟನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 17.4 ಮೀಟರು. 650ರ ಎಂಜಿನು 7,250 ಸುತ್ತುಗಳಲ್ಲಿ ತಿರುಗುವಾಗಲೂ ಅದರ ಪಿಸ್ಟನಿನ ವೇಗ 16.4 ಮೀಟರು ಮಾತ್ರ. ಓಟ ಗಿಡ್ಡವಾದುದರಿಂದ ಅದು ಹೆಚ್ಚು ಆಯಾಸವಿಲ್ಲದೆ ಬೇಗ ತಿರುಗಬಲ್ಲುದು.

ಚಕ್ರವನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು. 350ರ ಗರಿಷ್ಠ ಟಾರ್ಕ್ 4,000 ಸುತ್ತುಗಳಲ್ಲಿ 27 ನ್ಯೂಟನ್-ಮೀಟರು. 650ರದು 5,650 ಸುತ್ತುಗಳಲ್ಲಿ 52.3. ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರಕುತ್ತದೆ. ಲೆಕ್ಕ ಹಾಕಿ ನೋಡಿ: 4,000 ಸುತ್ತುಗಳಲ್ಲಿ 350ರ ಸಾಮರ್ಥ್ಯ 11.3 ಕಿಲೋವಾಟು. 6,100ರಲ್ಲಿ ಟಾರ್ಕ್ 23ಕ್ಕೆ ಇಳಿದಿದ್ದರೂ ಸಾಮರ್ಥ್ಯ 14.9 ಕಿಲೋವಾಟಿಗೆ, ಎಂದರೆ 20 ಅಶ್ವಶಕ್ತಿಗೆ, ಏರಿರುತ್ತದೆ. 650ರ ಗರಿಷ್ಠ ಸಾಮರ್ಥ್ಯ 34.6 ಕಿಲೋವಾಟು. ಧ್ವನಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ಒಂಟಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಂದು ಸ್ಫೋಟ. ಆದುದರಿಂದಲೇ ಬಿಡಿಬಿಡಿಯಾದ ಆ ಗುಡುಗುಡು ಸದ್ದು. ಜೋಡಿ ಸಿಲಿಂಡರಿನಲ್ಲಿ ಸ್ಫೋಟಗಳ ನಡುವೆ ಒಮ್ಮೆ 270 ಡಿಗ್ರಿ, ಇನ್ನೊಮ್ಮೆ 450 ಡಿಗ್ರಿ ಅಂತರವಿರುವಂತೆ ಏರ್ಪಡಿಸಲಾಗಿದೆ. ಅದರ ಲಯವೇ ಬೇರೆ. ಕಿವಿಗೆ ಯಾವುದು ಹಿತವೆಂಬುದನ್ನು ಶಾಸ್ತ್ರ ನಿರ್ಣಯಿಸಲಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಿಂದ ಸಾಗುವ ಗಾಡಿಗೆ ಎರಡು ಅಡೆತಡೆಗಳು. ಉರುಳುವ ಚಕ್ರಗಳ ಘರ್ಷಣೆ ಒಂದು. ಅದು ತೂಕವನ್ನು ಅನುಸರಿಸುತ್ತದೆಯೇ ಹೊರತು ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಇನ್ನೊಂದು ಗಾಳಿಯ ತಡೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎದೆಯೊಡ್ಡಿ ನೆಟ್ಟಗೆ ಕುಳಿತ ಸವಾರನನ್ನು ಹೊತ್ತ ಕ್ರೂಸರು ಗಾಳಿಗೆ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣವನ್ನು ಸುಮಾರು 0.6 ಚದರ ಮೀಟರೆಂದು ಇಟ್ಟುಕೊಳ್ಳೋಣ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ. ಆಗ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಗಾಳಿಯ ತಡೆ 44 ನ್ಯೂಟನ್, 80ರಲ್ಲಿ 178, 120ರಲ್ಲಿ 400. ಇನ್ನು 191 ಕಿಲೋಗ್ರಾಂ ತೂಕದ 350ರ ಮೇಲೆ ಚೀಲವೂ ಸೇರಿ 80 ಕಿಲೋಗ್ರಾಮಿನ ಸವಾರನಿದ್ದರೆ ಚಕ್ರದ ಘರ್ಷಣೆ ಸುಮಾರು 53 ನ್ಯೂಟನ್. ಬಲವನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ತಿಳಿಯುತ್ತದೆ. 40ರಲ್ಲಿ ಕೇವಲ 1.1 ಕಿಲೋವಾಟು, 80ರಲ್ಲಿ 5.1, 120ರಲ್ಲಿ 15.1!

ವೇಗದ ವರ್ಗದಂತೆ ಬೆಳೆಯುವ ತಡೆಯನ್ನು ಮತ್ತೊಮ್ಮೆ ವೇಗದಿಂದ ಗುಣಿಸಿದುದರಿಂದ, ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. ವೇಗ ಒಂದೂವರೆ ಪಟ್ಟಾದರೆ ಈ ಸಾಮರ್ಥ್ಯ ಮೂರೂ ಕಾಲು ಪಟ್ಟಿಗಿಂತ ಹೆಚ್ಚು. ಈ ಒಂದು ನಿಯಮವೇ ಎರಡು ಗಾಡಿಗಳ ವ್ಯತ್ಯಾಸದ ಸಾರ. 80ರಲ್ಲಿ ಸಾಗುವಾಗ 350ರ ಎಂಜಿನು ತನ್ನ ಶಕ್ತಿಯ ಮೂರನೆಯ ಒಂದಂಶವನ್ನಷ್ಟೇ ಉಪಯೋಗಿಸುತ್ತದೆ; 120ರಲ್ಲಿ ಅದರ ಬೊಕ್ಕಸ ಬರಿದಾಗುತ್ತದೆ. ಗೇರು, ಸರಪಳಿಗಳಲ್ಲಿ ನಷ್ಟವಾಗುವುದನ್ನೂ ಕಳೆದರೆ ಆ ವೇಗವನ್ನು ಅದು ಮುಟ್ಟುವುದೇ ಕಷ್ಟ. 650ಕ್ಕಾದರೋ 120ರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯ ಉಳಿದಿರುತ್ತದೆ.

ಉಳಿದ ಸಾಮರ್ಥ್ಯದಿಂದ ಪ್ರಯೋಜನವೇನೆಂದು ಕೇಳಬಹುದು. ಲಾರಿಯೊಂದನ್ನು ಹಿಂದಿಕ್ಕುವ ಸಂದರ್ಭವನ್ನು ತೆಗೆದುಕೊಳ್ಳಿ. 80ರಿಂದ 100ಕ್ಕೆ ವೇಗ ಹೆಚ್ಚಿಸಬೇಕು. ಇದಕ್ಕೆ ಬೇಕಾದ ಚಲನಶಕ್ತಿಯನ್ನು ಉಳಿದ ಸಾಮರ್ಥ್ಯದಿಂದ ಭಾಗಿಸಿದರೆ 350ಕ್ಕೆ ಕಡಿಮೆಯೆಂದರೂ 5 ಸೆಕೆಂಡು ಬೇಕು. 650ಕ್ಕೆ 2 ಸೆಕೆಂಡೂ ಬೇಡ. 5 ಸೆಕೆಂಡಿನಲ್ಲಿ ಗಾಡಿ 125 ಮೀಟರು ದೂರ ಸಾಗಿರುತ್ತದೆ. ಎದುರಿನ ವಾಹನವೂ ಸುಮ್ಮನೆ ನಿಂತಿರುವುದಿಲ್ಲ. ಎರಡು ಪಥಗಳ ಕಿರಿದಾದ ರಸ್ತೆಯಲ್ಲಿ ಇದು ಪ್ರಾಣದ ಪ್ರಶ್ನೆ. 650ರ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದಕ್ಕಿಂತ ಬಲವಾದುದಿಲ್ಲ. 350ರ ಸವಾರನು ಇದನ್ನರಿತು ಹೆಚ್ಚು ದೂರದ ತೆರವಿಗಾಗಿ ಕಾಯಬೇಕು.

ಘಟ್ಟ ಹತ್ತಲು ದೊಡ್ಡ ಎಂಜಿನೇ ಬೇಕೆಂಬುದು ಬಹಳ ಜನರ ನಂಬಿಕೆ. ಇದನ್ನೂ ಲೆಕ್ಕದಿಂದ ಒರೆಗೆ ಹಚ್ಚಬಹುದು. 15 ಮೀಟರಿಗೆ 1 ಮೀಟರು ಏರುವ ದಾರಿ, ಬೆನ್ನ ಹಿಂದೆ ಇನ್ನೊಬ್ಬ ಸವಾರ, ವೇಗ 40 ಕಿಲೋಮೀಟರು ಎಂದುಕೊಳ್ಳಿ. ತಿರುವುಗಳ ನಡುವೆ ಅದಕ್ಕಿಂತ ಹೆಚ್ಚು ವೇಗ ವಿವೇಕವೂ ಅಲ್ಲ. 350ಕ್ಕೆ ಆಗ ಬೇಕಾಗುವ ಸಾಮರ್ಥ್ಯ 4 ಕಿಲೋವಾಟಿಗಿಂತ ಕಡಿಮೆ, ಎಂದರೆ ಬಯಲಿನಲ್ಲಿ 80ರಲ್ಲಿ ಓಡುವುದಕ್ಕಿಂತಲೂ ಕಡಿಮೆ! ಕೆಳಗಿನ ಗೇರು ಹಾಕಿದರೆ ಸಾಕು, ಅದು ನಿರಾಯಾಸವಾಗಿ ಏರುತ್ತದೆ. ದೊಡ್ಡ ಎಂಜಿನು ಬೇಕಾಗುವುದು ಬೆಟ್ಟಕ್ಕಲ್ಲ, ಗಾಳಿಗೆ.

ಇನ್ನು ತೂಕ. 650ರ ತೂಕ 241 ಕಿಲೋಗ್ರಾಂ; 350ಕ್ಕಿಂತ ಸರಿಯಾಗಿ 50 ಹೆಚ್ಚು. ಓಡುತ್ತಿರುವಾಗ ಈ ಭಾರ ಕಾಣಿಸದು. ರಸ್ತೆಯ ಮೇಲೆ ಸ್ಥಿರವಾಗಿದೆಯೆಂಬ ಭಾವನೆಯನ್ನೂ ಕೊಡಬಹುದು. ನಿಂತಾಗ ಮಾತ್ರ ಅದು ತನ್ನ ನಿಜವಾದ ರೂಪವನ್ನು ತೋರಿಸುತ್ತದೆ. ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರದಲ್ಲಿದೆಯೆಂದೂ ಗಾಡಿ 10 ಡಿಗ್ರಿ ವಾಲಿದೆಯೆಂದೂ ಇಟ್ಟುಕೊಂಡರೆ, 0.9 ಮೀಟರು ಎತ್ತರದ ಹಿಡಿಯನ್ನು ಹಿಡಿದು ಅದನ್ನು ತಡೆಯಲು 350ಕ್ಕೆ ಸುಮಾರು 18 ಕಿಲೋಗ್ರಾಮಿನಷ್ಟು ಬಲ, 650ಕ್ಕೆ 23ರಷ್ಟು ಬಲ ಬೇಕು. ವಾಲುವ ಕೋನ ಹೆಚ್ಚಿದಂತೆಲ್ಲ ಎರಡೂ ಅಂಕಿಗಳು ಏರುತ್ತವೆ. ಮಳೆಗಾಲದ ಕೆಸರಂಗಳದಲ್ಲಿ ಗಾಡಿಯನ್ನು ಹಿಂದಕ್ಕೆ ನೂಕಿ ತಿರುಗಿಸಬೇಕಾದವನಿಗೆ ಈ 5 ಕಿಲೋಗ್ರಾಂ ಅಲಕ್ಷ್ಯ ಮಾಡುವಂಥದಲ್ಲ.

ಆಸನ ತಗ್ಗಾಗಿರುವುದರಿಂದ ಕ್ರೂಸರು ಬೀಳುವುದಿಲ್ಲವೆಂದು ಹೇಳುವವರುಂಟು. ಇದು ಅರ್ಧಸತ್ಯ. ಅಂಗೈಯ ಮೇಲೆ ಉದ್ದನೆಯ ಕೋಲನ್ನು ನಿಲ್ಲಿಸುವುದು ಸುಲಭ, ಗಿಡ್ಡನೆಯ ಪೆನ್ಸಿಲನ್ನು ನಿಲ್ಲಿಸುವುದು ಕಷ್ಟ. ಏಕೆಂದರೆ ಗಿಡ್ಡ ವಸ್ತು ಬೇಗ ಉರುಳುತ್ತದೆ. ತಗ್ಗಾದ ಗಾಡಿಯೂ ಹಾಗೆಯೇ. ಅದರ ಅನುಕೂಲವಿರುವುದು ಬೇರೆಡೆ: 350ರ ಆಸನ 765 ಮಿಲಿಮೀಟರು, 650ರದು 740 ಮಿಲಿಮೀಟರು ಎತ್ತರದಲ್ಲಿರುವುದರಿಂದ ಸವಾರನ ಎರಡೂ ಪಾದಗಳು ನೆಲಕ್ಕೆ ಊರುತ್ತವೆ. ಎರಡು ಚಕ್ರಗಳ ಅಚ್ಚುಗಳ ನಡುವಣ ಅಂತರ ಒಂದರಲ್ಲಿ 1,400, ಇನ್ನೊಂದರಲ್ಲಿ 1,500 ಮಿಲಿಮೀಟರು. ಈ ಅಂತರ ಹೆಚ್ಚಿದಷ್ಟೂ ನೇರ ಓಟ ದೃಢ. ಆದರೆ ಹಿಡಿಯನ್ನು ಅಷ್ಟೇ ತಿರುಗಿಸಿದಾಗ ಗಾಡಿ ಹೆಚ್ಚು ಅಗಲವಾದ ವೃತ್ತವನ್ನು ಬಯಸುತ್ತದೆ. ಆಗುಂಬೆಯ ಕಡಿದಾದ ತಿರುವುಗಳಲ್ಲಿ ಎದುರಿನಿಂದ ಬಸ್ಸು ಬಂದಾಗ ಇದರ ಅರ್ಥ ತಾನೇ ತಿಳಿಯುತ್ತದೆ.

ಪೆಟ್ರೋಲಿನ ವಿಷಯ. ಒಂದು ಲೀಟರಿನಲ್ಲಿ ಸುಮಾರು 32 ದಶಲಕ್ಷ ಜೂಲ್ ಶಕ್ತಿಯಿದೆ. ಎಂಜಿನು ಅದರ ಕಾಲುಭಾಗವನ್ನು ಚಲನೆಗೆ ಒದಗಿಸುತ್ತದೆಂದರೆ 80ರ ವೇಗದಲ್ಲಿ 350 ಲೀಟರಿಗೆ ಹತ್ತಿರ ಹತ್ತಿರ 35 ಕಿಲೋಮೀಟರು ಸಾಗಬೇಕು. ಅದೇ ಗಾಡಿಯನ್ನು 120ಕ್ಕೆ ಎಳೆದರೆ 18 ಸಿಕ್ಕೀತು. 650 ಇದೇ 80ರ ವೇಗದಲ್ಲಿಯೂ ಹೆಚ್ಚು ಕುಡಿಯುತ್ತದೆ; ತೂಕವೊಂದೇ ಅದಕ್ಕೆ ಕಾರಣವಲ್ಲ. ದೊಡ್ಡ ಎಂಜಿನಿನಿಂದ ಸ್ವಲ್ಪ ಕೆಲಸ ಮಾಡಿಸಬೇಕಾದಾಗ ಗಾಳಿ ಒಳಬರುವ ದಾರಿಯನ್ನು ಬಹುಪಾಲು ಮುಚ್ಚಬೇಕಾಗುತ್ತದೆ. ಆ ಕಿಂಡಿಯಿಂದ ಗಾಳಿಯನ್ನು ಒಳಕ್ಕೆಳೆಯುವುದರಲ್ಲಿಯೇ ಪಿಸ್ಟನುಗಳ ಶ್ರಮ ವ್ಯರ್ಥವಾಗುತ್ತದೆ.

ಹೆಚ್ಚಿನ ವೇಗದ ಆಸೆಯುಳ್ಳವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಅಪಾಯ ಕಂಡು ಕೈ ಬ್ರೇಕನ್ನು ಒತ್ತುವುದರೊಳಗೆ ಒಂದು ಸೆಕೆಂಡು ಕಳೆಯುತ್ತದೆ. ಒಣ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೆ 6 ಮೀಟರಿನಂತೆ ವೇಗ ತಗ್ಗುತ್ತದೆಂದರೆ 80ರಲ್ಲಿರುವ ಗಾಡಿ ಒಟ್ಟು 63 ಮೀಟರಿನಲ್ಲಿ ನಿಲ್ಲುತ್ತದೆ. 120ರಲ್ಲಿರುವುದು 126 ಮೀಟರಿನಲ್ಲಿ. ನಮ್ಮ ರಸ್ತೆಗಳಲ್ಲಿ ಎಮ್ಮೆಯೊಂದು 126 ಮೀಟರು ಮುಂಚಿತವಾಗಿ ಸೂಚನೆ ಕೊಟ್ಟು ಅಡ್ಡ ಬರುವುದಿಲ್ಲ. ಅಷ್ಟು ವೇಗಕ್ಕೆ ತಕ್ಕ ರಸ್ತೆಗಳೂ ದ್ವಿಚಕ್ರ ವಾಹನಗಳಿಗೆ ಸದಾ ತೆರೆದಿರುತ್ತವೆಂದಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಮಾರ್ಗದಲ್ಲಿ 2023ರ ಆಗಸ್ಟ್ 1ರಿಂದ ಅವುಗಳ ಸಂಚಾರವನ್ನು ನಿಷೇಧಿಸಲಾಯಿತು.

ನಮ್ಮ ತರುಣನ ದಾರಿಗಳನ್ನು ಮತ್ತೆ ನೆನೆಯೋಣ. ತೀರ್ಥಹಳ್ಳಿಯ ರಸ್ತೆಯಲ್ಲಿ 60ರಿಂದ 80, ಘಟ್ಟದಲ್ಲಿ 30ರಿಂದ 40, ಪೇಟೆಯಲ್ಲಿ ಅದಕ್ಕಿಂತಲೂ ಕಡಿಮೆ. ಈ ವೇಗಗಳಲ್ಲಿ 650ರ ಹೆಚ್ಚುವರಿ ಸಾಮರ್ಥ್ಯ ಬಹುತೇಕ ನಿದ್ರಿಸುತ್ತಿರುತ್ತದೆ. ಹೆಚ್ಚುವರಿ 50 ಕಿಲೋಗ್ರಾಂ ಮಾತ್ರ ಎಂದೂ ನಿದ್ರಿಸುವುದಿಲ್ಲ. ಆತನಿಗೆ ನನ್ನ ಸಲಹೆ 350. ತಿಂಗಳಿಗೆರಡು ಬಾರಿ ಇಬ್ಬರು ಕುಳಿತು ಸಾಮಾನು ಹೇರಿಕೊಂಡು ಹುಬ್ಬಳ್ಳಿಯವರೆಗೆ 100ರ ಆಸುಪಾಸಿನಲ್ಲಿ ಸಾಗುವವನು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಆ ವೇಗದಲ್ಲಿ ಚಿಕ್ಕ ಎಂಜಿನು ತನ್ನ ಮಿತಿಯ ಸಮೀಪದಲ್ಲಿಯೇ ದುಡಿಯುತ್ತಿರುತ್ತದೆ. ಎರಡರಲ್ಲಿ ಯಾವುದನ್ನೇ ಕೊಳ್ಳುವುದಿರಲಿ, ಹಣ ಕೊಡುವ ಮೊದಲು ಅಂಗಡಿಯ ಮುಂದಿನ ಇಳಿಜಾರಿನಲ್ಲಿ ಎಂಜಿನನ್ನು ಆರಿಸಿ, ಯಾರ ಸಹಾಯವೂ ಇಲ್ಲದೆ, ಗಾಡಿಯನ್ನು ಹತ್ತು ಹೆಜ್ಜೆ ಹಿಮ್ಮುಖವಾಗಿ ಮೇಲಕ್ಕೆ ನೂಕಿ ನೋಡುವುದು ಒಳ್ಳೆಯದು.