ಕುಡಿತವನ್ನು ಬಿಟ್ಟವನಲ್ಲಿ ಉಳಿಯುವ ದೇಹಬಾಧೆಗಳು



ಕುಡಿತದ ಕೇಡನ್ನು ಕುರಿತು ನಾವು ನಮ್ಮ ಸಭೆಗಳಲ್ಲಿ ಅನೇಕ ಸಾರಿ ಮಾತಾಡಿದ್ದೇವೆ, ನೀವೂ ಕೇಳಿದ್ದೀರಿ. ಆದರೆ ಕುಡಿತವನ್ನು ಬಿಟ್ಟವನಿಗೆ ಆ ಮೇಲೆ ಏನಾಗುವದೆಂಬದನ್ನು ನಾವು ಕಲಿಸಲಿಲ್ಲ. ಯಾಕಂದರೆ ನಾವೇ ಅದನ್ನು ಕಲಿತಿರಲಿಲ್ಲ. ಬಿಟ್ಟ ದಿವಸವೇ ಸಂಕಟವೆಲ್ಲಾ ತೀರಿತೆಂದು ಎಣಿಸಿದ್ದೆವು. ಈ ಅಜ್ಞಾನದಿಂದ ಒಬ್ಬ ಸಹೋದರನು ತಿರಿಗಿ ಬೀಳುವದರಲ್ಲಿದ್ದನು. ಅವನನ್ನು ನೂಕಿದ ಕೈ ನಮ್ಮದೇ ಆಗಿತ್ತು. ಆದಕಾರಣ ಈ ತಿಂಗಳ ಪಾಠವನ್ನು ಅವನ ಸಂಗತಿಯಿಂದಲೇ ಆರಂಭಿಸುತ್ತೇವೆ.

ಅವನು ಕೂಲಿಯವನು, ಇಪ್ಪತ್ತು ವರುಷಕ್ಕಿಂತ ಹೆಚ್ಚು ಕಾಲ ದಿನಾಲು ಕುಡಿದವನು. ಮೊದಲು ಪೊಟ್ಟಣದ ಸಾರಾಯಿ. 2007ನೇ ಇಸವಿ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟವು ನಿಷೇಧಿಸಲ್ಪಟ್ಟ ಮೇಲೆ ಅಗ್ಗದ ಬ್ರಾಂದಿ. ಒಮ್ಮೆ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಹತ್ತು ದಿವಸ ಮಲಗಿ ಎದ್ದವನು ಅಂದಿನಿಂದ ಮುಟ್ಟೆನೆಂದು ನಿಶ್ಚಯಿಸಿಕೊಂಡನು. ಐದು ತಿಂಗಳು ಕಳೆದವು. ಒಂದು ಸಾಯಂಕಾಲ ಪ್ರಾರ್ಥನಾಕೂಟಕ್ಕೆ ಅವನು ಕಾಲುಗಳನ್ನು ಅಗಲಿಸಿ ಇಡುತ್ತಾ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ತೂರಾಡುತ್ತಾ ಬಂದನು. ಸಂಗೀತ ಪುಸ್ತಕವು ಅವನ ಕೈಯಲ್ಲಿ ನಡುಗುತ್ತಿತ್ತು. ಹಿರಿಯರಿಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿದರು. ನಾವು ಹತ್ತಿರ ಹೋಗಿ ವಿಚಾರಿಸಲಿಲ್ಲ. ಎಲ್ಲರೆದುರಿಗೆ, “ಕುಡಿದು ಇಲ್ಲಿಗೆ ಬರಬೇಡ” ಎಂದು ಹೇಳಿಬಿಟ್ಟೆವು. ಅವನು ಒಂದು ಮಾತನ್ನೂ ಆಡದೆ ಹೊರಟುಹೋದನು.

ಮೂರನೆಯ ದಿವಸ ಅವನ ಹೆಂಡತಿಯು ನಮ್ಮ ಮನೆಗೆ ಬಂದು, “ಅಯ್ಯನವರೇ, ನಮ್ಮ ಯಜಮಾನರು ಐದು ತಿಂಗಳಿಂದ ಒಂದು ಹನಿ ಮುಟ್ಟಿಲ್ಲ. ರಾತ್ರಿ ನಿದ್ರೆಯಿಲ್ಲ. ಅಂಗಾಲು ಉರಿಯೆಂದು ಒದ್ದೆ ಗೋಣಿಯ ಮೇಲೆ ಕಾಲಿಟ್ಟು ಕೂತಿರುತ್ತಾರೆ. ಕುಡಿಯದೆ ಇದ್ದರೂ ಕುಡುಕನೇ ಆದ ಮೇಲೆ ಕುಡಿದರೇನು ಅನ್ನುತ್ತಾರೆ” ಎಂದು ಅತ್ತಳು. ಹನ್ನಳು ಮನನೊಂದು ತುಟಿಯಾಡಿಸುತ್ತಿದ್ದದ್ದನ್ನು ಕಂಡು ಯಾಜಕನಾದ ಏಲಿಯು ಆಕೆಯನ್ನು ಅಮಲೇರಿದವಳೆಂದು ತಿಳಿದ ಸಂಗತಿಯನ್ನು ನಾವು ಎಷ್ಟು ಸಾರಿ ಪಾಠ ಹೇಳಿದ್ದೇವೆ! ಏಲಿಯ ತಪ್ಪನ್ನೇ ನಾವು ಮಾಡಿದೆವು.

ಮಾರನೆಯ ದಿವಸ ನಾವು ಅವನ ಸಂಗಡ ತಾಲ್ಲೂಕು ಆಸ್ಪತ್ರೆಗೆ ಹೋದೆವು. ವೈದ್ಯರು ಎರಡು ಕವಲುಳ್ಳ ಒಂದು ಲೋಹದ ಸಾಧನವನ್ನು ತಟ್ಟಿ, ಅದು ಝೇಂಕರಿಸುತ್ತಿರುವಾಗ ಅದರ ಬುಡವನ್ನು ಅವನ ಕಾಲ ಹೆಬ್ಬೆರಳ ಮೇಲೆ ಇಟ್ಟು, “ಏನಾದರೂ ತಿಳಿಯುತ್ತದೋ?” ಎಂದು ಕೇಳಿದರು. “ಇಲ್ಲ ಸ್ವಾಮಿ” ಅಂದನು. ಮೊಣಕಾಲಿನ ಮೇಲೆ ಇಟ್ಟಾಗ, “ಈಗ ಗುಂಯ್ ಅನ್ನುತ್ತದೆ” ಅಂದನು. ಆಮೇಲೆ ಪಾದಗಳನ್ನು ಜೋಡಿಸಿ ನಿಂತು ಕಣ್ಣು ಮುಚ್ಚಬೇಕೆಂದು ಹೇಳಿದರು. ಕಣ್ಣು ಮುಚ್ಚಿದೊಡನೆ ಅವನು ವಾಲಿ ಬೀಳುವದರಲ್ಲಿದ್ದನು. ವೈದ್ಯರು ಅವನನ್ನು ಹಿಡಿದುಕೊಂಡು ನಮ್ಮ ಕಡೆಗೆ ತಿರುಗಿ, “ಇವರ ಪಾದಗಳಿಗೆ ನೆಲ ತಿಳಿಯುವದಿಲ್ಲ. ಹಗಲಲ್ಲಿ ಕಣ್ಣಿನ ಆಸರೆಯಿಂದ ನಡೆಯುತ್ತಾರೆ; ಕತ್ತಲಾದರೆ ಆ ಆಸರೆಯೂ ಇಲ್ಲ” ಅಂದರು. ನಮ್ಮ ಕೂಟವು ನಡೆದದ್ದು ಮಬ್ಬು ಬೆಳಕಿನಲ್ಲಿ ಎಂಬದು ಆಗ ನಮಗೆ ನೆನಪಾಯಿತು.

ಅಂದು ವೈದ್ಯರಿಂದ ಕೇಳಿದ್ದನ್ನೂ ಆಮೇಲೆ ನಾವು ಕಲಿತದ್ದನ್ನೂ ಕ್ರಮವಾಗಿ ಹೇಳುತ್ತೇವೆ.

ಒಂದನೆಯದು. ಮೊದಲಿನ ದಿವಸಗಳ ಅಪಾಯ.

ಬಹುಕಾಲ ದಿನಾಲು ಹೆಚ್ಚಾಗಿ ಕುಡಿದವನು ಫಕ್ಕನೆ ನಿಲ್ಲಿಸಿದರೆ, 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಂತಿ, ಎದೆಬಡಿತಗಳು ಆರಂಭವಾಗುತ್ತವೆ. ಮೊದಲಿನ ಎರಡು ದಿವಸಗಳಲ್ಲಿ ಕೆಲವರಿಗೆ ಫಿಟ್ಸ್ ಬರುವದುಂಟು. ಎರಡನೆಯ ದಿವಸದಿಂದ ನಾಲ್ಕನೆಯ ದಿವಸದೊಳಗೆ ಕೆಲವರು ಸನ್ನಿ ಹಿಡಿದವರಂತೆ ಇಲ್ಲದ ಹುಳಹುಪ್ಪಟೆಗಳನ್ನು ಕಾಣುತ್ತಾರೆ, ಮನೆಯವರ ಗುರುತನ್ನು ಮರೆಯುತ್ತಾರೆ. ಇಂಗ್ಲೆಂಡಿನ ವೈದ್ಯನಾದ ಥಾಮಸ್ ಸಟನ್ ಎಂಬವನು 1813ರಲ್ಲಿ ಈ ಸನ್ನಿಗೆ ಹೆಸರಿಟ್ಟು ವರ್ಣಿಸಿದನು. ಇದು ಗಾಳಿ ಸೋಕಿದ್ದಲ್ಲ, ಮಾಟವೂ ಅಲ್ಲ. ಮಂತ್ರವಾದಿಯ ಬಳಿಗೆ ಕರಕೊಂಡು ಹೋಗಿ ಹೊತ್ತು ಕಳೆದರೆ ಪ್ರಾಣವೇ ಹೋದೀತು.

ವರುಷದ ಕಡೇ ರಾತ್ರಿಯ ಆರಾಧನೆಯಲ್ಲಿ ಪ್ರಮಾಣ ಮಾಡಿ ಮರುದಿನವೇ ನಿಲ್ಲಿಸುವವರು ನಮ್ಮಲ್ಲಿ ಉಂಟು. ಅವರ ನಿಶ್ಚಯವು ಒಳ್ಳೇದೇ. ಆದರೆ ದಿನಾಲು ಕುಡಿಯುವವನು, ವಿಶೇಷವಾಗಿ ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವನು, ಮನೆಯಲ್ಲಿ ಒಬ್ಬನೇ ನಿಲ್ಲಿಸತಕ್ಕದ್ದಲ್ಲ. ಪ್ರಮಾಣವು ಆರಾಧನೆಯಲ್ಲಾಗಲಿ, ನಿಲ್ಲಿಸುವದು ವೈದ್ಯರ ಕಣ್ಣ ಮುಂದಾಗಲಿ. ಈ ದಿವಸಗಳನ್ನು ಅಪಾಯವಿಲ್ಲದೆ ದಾಟಿಸುವ ಔಷಧಗಳು ಆಸ್ಪತ್ರೆಯಲ್ಲಿ ಉಂಟು. ಬಿಡುವದು, ಕುಡಿಯುವದು, ತಿರಿಗಿ ಬಿಡುವದು ಹೀಗೆ ಪದೇ ಪದೇ ಆದರೆ, ಒಂದೊಂದು ಸಾರಿಯೂ ಈ ಬಾಧೆಯು ಹೆಚ್ಚಾಗುವ ಸಂಭವವುಂಟೆಂದು ಸಹ ತಿಳಿದಿರಬೇಕು.

ಎರಡನೆಯದು. ವಾರಗಳೂ ತಿಂಗಳುಗಳೂ ಇರುವ ಬಾಧೆ.

ಮೊದಲಿನ ವಾರವು ಕಳೆದ ಮೇಲೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಆದರೆ ನಿದ್ರೆ ಕೆಡುವದು, ಕೆಟ್ಟ ಕನಸುಗಳು, ಕಾರಣವಿಲ್ಲದ ದಿಗಿಲು, ಸಣ್ಣ ಮಾತಿಗೂ ಸಿಟ್ಟು, ಯಾವದರಲ್ಲಿಯೂ ರುಚಿಯಿಲ್ಲದಿರುವದು, ಆಗಾಗ್ಗೆ ಸ್ವಲ್ಪ ನಡುಕ ಇವು ಹಲವು ವಾರ, ಕೆಲವರಲ್ಲಿ ಹಲವು ತಿಂಗಳು ಉಳಿಯುತ್ತವೆ. ನಿದ್ರೆಯಂತೂ ನೆಟ್ಟಗಾಗುವದಕ್ಕೆ ಒಂದು ವರುಷ ಹಿಡಿಯುವದೂ ಉಂಟು.

ಇದಕ್ಕೆ ಕಾರಣವೇನು? ಮದ್ಯವು ಮಿದುಳನ್ನು ಮಂಕುಮಾಡುತ್ತದೆ. ದಿನಾಲು ಹೀಗಾದರೆ ಮಿದುಳು ಅದಕ್ಕೆ ಎದುರಾಗಿ ತನ್ನನ್ನು ಎಚ್ಚರಿಸಿಕೊಳ್ಳುವ ಬಲವನ್ನು ಹೆಚ್ಚಿಸಿಕೊಳ್ಳುತ್ತದೆ. ಎದುರುಗಾಳಿಯಲ್ಲಿ ಹೊರೆ ಹೊತ್ತವನು ಮುಂದಕ್ಕೆ ಬಾಗಿ ನಡೆಯುತ್ತಾನಲ್ಲಾ. ಗಾಳಿಯು ತಟ್ಟನೆ ನಿಂತರೆ ಅವನು ಮುಗ್ಗರಿಸುತ್ತಾನೆ. ಮದ್ಯವನ್ನು ನಿಲ್ಲಿಸಿದಾಗ ಮಿದುಳಿಗೂ ಹಾಗೆಯೇ ಆಗುತ್ತದೆ. ನೆಟ್ಟಗೆ ನಡೆಯುವದನ್ನು ಅದು ಮತ್ತೆ ಕಲಿಯಬೇಕು.

ಇಲ್ಲಿ ಒಂದು ಮೋಸವುಂಟು. “ಒಂದು ಗುಟುಕು ಹಾಕಿದರೆ ನಡುಕ ನಿಲ್ಲುತ್ತದೆ, ಆದದರಿಂದ ಅದೇ ಔಷಧ” ಎಂದು ನೆರೆಯವರು ಹೇಳುವರು. ನಡುಕವು ಆ ಹೊತ್ತಿಗೆ ನಿಲ್ಲುವದು ನಿಜ. ಆದರೆ ಗಾಳಿಯು ಮತ್ತೆ ಬೀಸಿತು, ಹೊರೆ ಹೊತ್ತವನು ಮತ್ತೆ ಬಾಗಿದನು, ಅಷ್ಟೇ. ಮುಗ್ಗರಿಸುವದು ನಾಳೆಗೆ ಉಳಿಯಿತು.

ಧೈರ್ಯಕ್ಕೆ ಕಾರಣವೂ ಉಂಟು. ಕೆನಡಾ ದೇಶದ ಟೊರಂಟೊ ನಗರದ ಸಂಶೋಧಕರು 1978ರಲ್ಲಿ, ಬಹುಕಾಲ ಕುಡಿದವರ ಕುಗ್ಗಿದ ಮಿದುಳು ಕುಡಿತವನ್ನು ಬಿಟ್ಟ ಮೇಲೆ ಕೆಲವರಲ್ಲಿ ಮರಳಿ ತುಂಬಿಕೊಳ್ಳುವದನ್ನು ಚಿತ್ರಗಳ ಮೂಲಕ ತೋರಿಸಿದರು. ಹೊರಗೆ ಏನೂ ಕಾಣದಿದ್ದಾಗ್ಯೂ ಒಳಗೆ ದುರಸ್ತಿಯು ನಡೆಯುತ್ತಿರುತ್ತದೆ.

ನಿದ್ರೆಗಾಗಿ ಅಂಗಡಿಯ ಮಾತ್ರೆಯನ್ನು ತಾನೇ ಕೊಂಡು ನುಂಗತಕ್ಕದ್ದಲ್ಲ, ಅದೂ ಚಟವಾದೀತು. ದಿನಾಲು ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವದು, ಸಂಜೆಯ ಮೇಲೆ ಕಾಫಿ, ಚಹಾ, ಬೀಡಿಗಳನ್ನು ಬಿಡುವದು, ಹಗಲಲ್ಲಿ ಮೈಮುರಿದು ಕೆಲಸಮಾಡುವದು ಒಳ್ಳೇದು.

ಮೂರನೆಯದು. ಕಾಲುಗಳ ಉರಿಯೂ ತೂರಾಟವೂ.

ನಮ್ಮ ಸಹೋದರನ ಬಾಧೆಯು ಇದೇ. ಮದ್ಯವೂ ಆಹಾರದ ಕೊರತೆಯೂ ಕೂಡಿ ನರಗಳನ್ನು ಕೆಡಿಸುತ್ತವೆ. ಅತಿ ಉದ್ದವಾದ ನರಗಳು ಮೊದಲು ಕೆಡುವದರಿಂದ ಎರಡೂ ಪಾದಗಳ ಬೆರಳುಗಳಲ್ಲಿ ಜೋಮು, ಉರಿ, ಸೂಜಿ ಚುಚ್ಚಿದ ಹಾಗಾಗುವದು ಮೊದಲಾಗಿ, ಮೆಲ್ಲಗೆ ಮೇಲಕ್ಕೆ ಏರುತ್ತದೆ. ಹಿಮ್ಮಿದುಳು ಕೆಟ್ಟವರಲ್ಲಿಯೂ ತೂರಾಟವು ಉಳಿಯುತ್ತದೆ.

ಆಹಾರದ ಕೊರತೆಗಳಲ್ಲಿ ಮುಖ್ಯವಾದದ್ದು ತಯಾಮಿನ್ ಎಂಬ ಬಿ1 ಜೀವಸತ್ವದ್ದು. ಕುಡಿಯುವವನು ಸರಿಯಾಗಿ ಉಣ್ಣುವದಿಲ್ಲ; ಉಂಡದ್ದರಲ್ಲಿರುವ ತಯಾಮಿನ್ನನ್ನು ಕರುಳು ಹೀರದಂತೆ ಮದ್ಯವು ತಡೆಯುತ್ತದೆ; ದೇಹದಲ್ಲಿ ಅದರ ಸಂಗ್ರಹವು ಕೆಲವೇ ವಾರಗಳಿಗೆ ಸಾಲುವಷ್ಟು. ಜಾವಾ ದ್ವೀಪದಲ್ಲಿ ಡಚ್ ವೈದ್ಯನಾದ ಐಕ್‌ಮನ್ ಎಂಬವನು 1890ರ ದಶಕದಲ್ಲಿ, ಪಾಲಿಷ್ ಮಾಡಿದ ಅಕ್ಕಿಯನ್ನು ಮಾತ್ರ ತಿಂದ ಕೋಳಿಗಳ ಕಾಲುಗಳು ಸೋತುಹೋಗುವದನ್ನೂ ತೌಡಿರುವ ಅಕ್ಕಿಯಿಂದ ಅವು ಗುಣವಾಗುವದನ್ನೂ ಕಂಡನು. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನವು ದೊರೆಯಿತು. ತೌಡಿನಲ್ಲಿದ್ದ ಆ ಸತ್ವವನ್ನು 1936ರಲ್ಲಿ ಪ್ರಯೋಗಶಾಲೆಯಲ್ಲಿ ಮೊದಲು ತಯಾರಿಸಿದವನು ರಾಬರ್ಟ್ ವಿಲಿಯಮ್ಸ್. ಅವನು 1886ರಲ್ಲಿ ನೆಲ್ಲೂರಿನಲ್ಲಿ ಬ್ಯಾಪ್ಟಿಸ್ಟ್ ಮಿಶನರಿಗಳ ಮಗನಾಗಿ ಹುಟ್ಟಿದವನು. ಇಂದು ಈ ಔಷಧವು ಅಗ್ಗವಾಗಿ ಸಿಕ್ಕುತ್ತದೆ.

ಈ ಕೊರತೆಯು ಹೆಚ್ಚಾದರೆ ಕಣ್ಣುಗುಡ್ಡೆಗಳ ಚಲನೆ ಕೆಡುವದು, ನಡಿಗೆ ತಪ್ಪುವದು, ಬುದ್ಧಿ ಕಲಕುವದು. ಜರ್ಮನಿಯ ವೈದ್ಯನಾದ ವರ್ನಿಕೆ ಎಂಬವನು 1881ರಲ್ಲಿ ಇದನ್ನು ವರ್ಣಿಸಿದನು. ಕೂಡಲೇ ತಯಾಮಿನ್ ಚುಚ್ಚುಮದ್ದು ಕೊಡದಿದ್ದರೆ ಜ್ಞಾಪಕಶಕ್ತಿಯು ಶಾಶ್ವತವಾಗಿ ಹಾಳಾದೀತು. ನಮ್ಮ ಹಳ್ಳಿಗಳಲ್ಲಿ ನಿಶ್ಶಕ್ತಿಯೆಂದರೆ “ಒಂದು ಗ್ಲೂಕೋಸ್ ಬಾಟಲಿ ಹಾಕಿರಿ” ಎಂದು ಕೇಳುವ ರೂಢಿಯುಂಟು. ತಯಾಮಿನ್ ಇಲ್ಲದೆ ಗ್ಲೂಕೋಸ್ ಮಾತ್ರ ಕೊಟ್ಟರೆ ಇಂಥವನ ಸ್ಥಿತಿಯು ಇನ್ನೂ ಕೆಡಬಹುದು. ಆದದರಿಂದ ಅವನು ಬಹುಕಾಲ ಕುಡಿದವನೆಂಬದನ್ನು ವೈದ್ಯರಿಗೆ ಮುಚ್ಚಿಡಬೇಡಿರಿ. ನಾಚಿಕೆಯಿಂದ ಮರೆಮಾಡಿದ ಒಂದು ಮಾತಿಗೆ ಅವನ ಬುದ್ಧಿಯನ್ನೇ ತೆರಬೇಕಾದೀತು.

ಪಾದದ ಉರಿಯೆಲ್ಲಾ ಕುಡಿತದಿಂದಲೇ ಎಂದೂ ತಿಳಿಯಬಾರದು. ಸಕ್ಕರೆಕಾಯಿಲೆ, ಬಿ12 ಜೀವಸತ್ವದ ಕೊರತೆ, ಕುಷ್ಠರೋಗ ಇವುಗಳಿಂದಲೂ ಆಗುವದುಂಟು, ಪರೀಕ್ಷೆ ಮಾಡಿಸಿಕೊಳ್ಳಬೇಕು. ನರದ ಚೇತರಿಕೆಯು ಬಹು ನಿಧಾನ. ಗಾಯದಿಂದ ಕಡಿದ ನರವು ಮತ್ತೆ ಬೆಳೆಯುವಾಗ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆಂದರೆ, ಟೊಂಕದಿಂದ ಪಾದದ ವರೆಗಿನ ದಾರಿಯು ಎಷ್ಟು ದೂರವೆಂದು ನೀವೇ ಎಣಿಸಿರಿ. ಕೆಲವರಲ್ಲಿ ಸ್ವಲ್ಪ ಬಾಧೆಯು ಕಡೆಯ ವರೆಗೂ ಉಳಿಯುವದು. ಅಂಥವನು ಬರಿಗಾಲಲ್ಲಿ ನಡೆಯಬಾರದು. ಪ್ರತಿರಾತ್ರಿ ಪಾದಗಳನ್ನು ತೊಳೆದು ಗಾಯವುಂಟೋ ಎಂದು ನೋಡಿಕೊಳ್ಳಬೇಕು. ಯಾಕಂದರೆ ಮುಳ್ಳು ಚುಚ್ಚಿದರೂ ಅವನಿಗೆ ತಿಳಿಯುವದಿಲ್ಲ.

ನಾಲ್ಕನೆಯದು. ಯಕೃತ್ತು.

ಜನರು ಲಿವರ್ ಅನ್ನುವ ಈ ಅಂಗದಲ್ಲಿ ಕುಡಿತದಿಂದ ಕೊಬ್ಬು ತುಂಬುತ್ತದೆ. ಬಿಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದು ಕರಗುತ್ತದೆ. ಆದರೆ ಗಾಯದ ಕಲೆಯಂತೆ ಗಟ್ಟಿಯಾದ ಭಾಗವು ಮೊದಲಿನಂತಾಗುವದು ಕಷ್ಟ. ಆಗಲೂ ಬಿಟ್ಟವನ ಆಯುಸ್ಸು ಕುಡಿಯುವವನ ಆಯುಸ್ಸಿಗಿಂತ ಹೆಚ್ಚಾಗುತ್ತದೆ. ಕಣ್ಣು ಹಳದಿಯಾಗುವದು, ಹೊಟ್ಟೆ ಉಬ್ಬುವದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಮಾತು ತಡವರಿಸಿ ಮಂಪರಾಗುವದು ಇವುಗಳಲ್ಲಿ ಒಂದು ಕಂಡರೂ ಅದೇ ದಿವಸ ಆಸ್ಪತ್ರೆಗೆ ಹೋಗಬೇಕು. ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನಾಗಲಿ ನಾಟಿಮದ್ದನ್ನಾಗಲಿ ತೆಗೆದುಕೊಳ್ಳಬಾರದು.

ಐದನೆಯದು. ಮನೆಯವರೂ ಸಭೆಯವರೂ ಮಾಡತಕ್ಕದ್ದು.

ಮನೆಯವರು ಅವನಿಗೆ ಹೊತ್ತುಹೊತ್ತಿಗೆ ರಾಗಿಮುದ್ದೆ, ಹುರುಳಿ, ಅವರೆ, ಕಡಲೆಕಾಯಿ, ಸೊಪ್ಪು, ಮೊಟ್ಟೆಗಳನ್ನು ಕೊಡಲಿ. ವೈದ್ಯರು ಬರೆದುಕೊಟ್ಟ ತಯಾಮಿನ್ ಮಾತ್ರೆಯನ್ನು ತಪ್ಪಿಸದಿರಲಿ. ಅವನ ಸಿಟ್ಟನ್ನು ಕೆಲವು ಕಾಲ ಕಾಯಿಲೆಯ ಅಂಶವೆಂದು ಸಹಿಸಲಿ. ಆದರೆ ಹೊಡೆತವನ್ನು ಸಹಿಸಬೇಕೆಂದು ನಾವು ಹೇಳುವದಿಲ್ಲ. ಮನಸ್ಸು ಬಹಳ ಕುಗ್ಗಿ ಸಾಯುವ ಮಾತು ಬಂದರೆ ಅವನನ್ನು ಒಬ್ಬನೇ ಬಿಡಬಾರದು. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಏರ್ಪಾಟಿನ 14416 ಎಂಬ ಸಂಖ್ಯೆಗೆ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಕುಡಿತದ ಚಿಕಿತ್ಸೆಗೆಂದೇ ವಿಭಾಗವುಂಟು.

ಸಭೆಯವರು ತೂರಾಡುವವನನ್ನು ಕಂಡರೆ ಮೊದಲು ತೋಳನ್ನು ಕೊಡಲಿ, ಆಮೇಲೆ ವಿಚಾರಿಸಲಿ. ಬಿಟ್ಟವನ ಬಾಧೆಯು ಅವನ ಮನಸ್ಸು ಸಡಿಲವೆಂಬದಕ್ಕೆ ಗುರುತಲ್ಲ, ಮದ್ಯವು ಅವನಿಗೆ ಬೇಕೆಂಬದಕ್ಕೂ ಗುರುತಲ್ಲ. ಅದರಲ್ಲಿ ಒಂದು ಪಾಲು ದುರಸ್ತಿಯ ನೋವು, ಒಂದು ಪಾಲು ಹಳೇ ಕೇಡಿನ ಉಳಿಕೆ. ಅವನಿಗೆ ಇದನ್ನು ಮೊದಲೇ ತಿಳಿಸಿದ್ದರೆ ಅವನು ಹೆದರಿ ಹಿಂದಕ್ಕೆ ಹೋಗನು.

ಆ ಸಹೋದರನ ಸಂಗತಿಯನ್ನು ಮುಗಿಸುತ್ತೇವೆ. ಮುಂದಿನ ಭಾನುವಾರ ಸಭೆಯವರೆಲ್ಲರ ಮುಂದೆ ಅವನ ಕ್ಷಮೆಯನ್ನು ಬೇಡಿಕೊಂಡೆವು. ಅವಮಾನವು ಎಲ್ಲರೆದುರಿಗೆ ಆಗಿದ್ದರಿಂದ ಕ್ಷಮಾಪಣೆಯೂ ಎಲ್ಲರೆದುರಿಗೆ ಆಗತಕ್ಕದ್ದಾಗಿತ್ತು. ಎಂಟನೆಯ ತಿಂಗಳಲ್ಲಿ ಅವನಿಗೆ ನಿದ್ರೆ ಬಂತು. ಕೈನಡುಕವು ನಿಂತಿತು. ಅಂಗಾಲ ಉರಿಯು ಕಡಿಮೆಯಾಯಿತು, ಪೂರಾ ಹೋಗಲಿಲ್ಲ. ಈಗ ಅವನು ಕೋಲು ಹಿಡಿದು ಕೂಟಕ್ಕೆ ಬರುತ್ತಾನೆ. ಅಂದು ಮುಖ ಮುಖ ನೋಡಿಕೊಂಡ ಹಿರಿಯರಲ್ಲಿ ಒಬ್ಬರು ಕೂಟ ಮುಗಿದ ಮೇಲೆ ಬ್ಯಾಟರಿ ಹಿಡಿದು ಅವನ ಸಂಗಡ ಮನೆಯ ವರೆಗೆ ಹೋಗುತ್ತಾರೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು.

1. ದಿನಾಲು ಕುಡಿಯುವವನು ಮನೆಯಲ್ಲಿ ಒಬ್ಬನೇ ಫಕ್ಕನೆ ಯಾಕೆ ನಿಲ್ಲಿಸಬಾರದು?
2. ಒಂದು ಗುಟುಕಿನಿಂದ ನಡುಕವು ನಿಂತರೂ ಅದು ಯಾಕೆ ಔಷಧವಲ್ಲ?
3. ವೈದ್ಯರಿಗೆ ಯಾವ ಮಾತನ್ನು ಮುಚ್ಚಿಡಬಾರದು? ಯಾಕೆ?
4. ಯಾವ ಗುರುತುಗಳು ಕಂಡರೆ ಅದೇ ದಿವಸ ಆಸ್ಪತ್ರೆಗೆ ಹೋಗಬೇಕು?
5. ನಮ್ಮ ಊರಲ್ಲಿ ಕುಡಿತವನ್ನು ಬಿಟ್ಟವರು ಯಾರು? ಅವರು ರಾತ್ರಿ ಹೇಗೆ ಮಲಗುತ್ತಾರೆಂದು ನಮ್ಮಲ್ಲಿ ಯಾರಾದರೂ ಕೇಳಿದ್ದುಂಟೋ?